ಪೀಕಿನ ದುಡ್ಡು: ಎಷ್ಟು ಉಳಿಸೋದು, ಎಷ್ಟು ಹೂಡೋದು?

ಗಂಗಾವತಿ, ಸಿಂಧನೂರು ಕಡೆ ಭತ್ತದ ದುಡ್ಡು ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಮಾಲು ಮಾರಿದ ಮೇಲೆ ಒಮ್ಮೆಗೇ ಬರುತ್ತದೆ. ಹಮಾಲಿ, ಕೊಯ್ಲು ಯಂತ್ರದ ಬಾಡಿಗೆ, ಗೊಬ್ಬರದ ಅಂಗಡಿಯ ಉದ್ರಿ ಎಲ್ಲ ಕಳೆದು 3 ಲಕ್ಷ ಉಳಿಯಿತು ಅಂತಿಟ್ಟುಕೊಳ್ಳಿ. ಅದನ್ನು ಬ್ಯಾಂಕಿನಲ್ಲಿ ಇಡುವುದೋ, ಹಲವರ ದುಡ್ಡು ಸೇರಿಸಿ ಷೇರು ಮುಂತಾದವುಗಳಲ್ಲಿ ಹಾಕುವ ಮ್ಯೂಚುವಲ್ ಫಂಡಿಗೆ ಹಾಕುವುದೋ?

ಉಳಿತಾಯದ ದುಡ್ಡು ಬೇಕೆಂದಾಗ ಹಾಕಿದಷ್ಟೂ ಕೈಗೆ ಸಿಗಬೇಕು, ಬಡ್ಡಿ ಕಡಿಮೆಯಾದರೂ ನಡೆಯುತ್ತದೆ. ಹೂಡಿಕೆಯ ದುಡ್ಡು ಬೆಳೆಯಲಿ ಅಂತ ಬಿಟ್ಟದ್ದು, ನಡುವೆ ಇಳಿಯಲೂಬಹುದು. ಬಳ್ಳಾರಿ ಕಡೆಯ ರೈತರು ಮೆಣಸಿನಕಾಯಿಯನ್ನು ಬ್ಯಾಡಗಿಗೆ ಒಯ್ದು ಅಂದೇ ಮಾರುವುದುಂಟು, ರೇಟು ಏರಲಿ ಅಂತ ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದೂ ಉಂಟು. ಇಟ್ಟವರಿಗೆ ಅಲ್ಲಿಯವರೆಗೆ ಮನೆ ನಡೆಸಲು ಬೇರೆ ದುಡ್ಡು ಇರಬೇಕು, ಅಲ್ವಾ?

ಮೊದಲ ಕೆಲಸ, ಸಾಲ ನೋಡಿಕೊಳ್ಳಿ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯ ಕೈಸಾಲ ಅಂದರೆ ವರ್ಷಕ್ಕೆ ಶೇ 24. ಅದು ತೀರುವ ತನಕ ಹೂಡಿಕೆಯ ಮಾತೇ ಬೇಡ.

ಎರಡನೆಯದು, ಒಂದು ಹಾಳೆಯಲ್ಲಿ ಖರ್ಚು ಬರೆದು ಪಕ್ಕದಲ್ಲಿ ಯಾವಾಗ ಬೇಕು ಅಂತ ಹಾಕಿ. ಮುಂದಿನ ಪೀಕಿಗೆ 1.2 ಲಕ್ಷ, ಜುಲೈಗೆ. ಮಗಳ ಕಾಲೇಜಿಗೆ 80 ಸಾವಿರ, ಜೂನ್‌ಗೆ. ಆಸ್ಪತ್ರೆ ಅಂತೆಲ್ಲ 60 ಸಾವಿರ, ಯಾವಾಗ ಬೇಕೋ ಗೊತ್ತಿಲ್ಲ. ಇವೆಲ್ಲ ಉಳಿತಾಯದ ದುಡ್ಡು. ಐದು ವರ್ಷ ಮುಟ್ಟುವ ಅಗತ್ಯ ಬೀಳದ್ದು 40 ಸಾವಿರ ಮಾತ್ರ. ಹೂಡಿಕೆಗೆ ಅಷ್ಟೇ.

ಇಷ್ಟು ಬಿಗಿ ಯಾಕೆ? 2020ರ ಜನವರಿಯಲ್ಲಿ 42 ಸಾವಿರದ ಹತ್ತಿರ ಇದ್ದ ಸೆನ್ಸೆಕ್ಸ್ (ಮುಂಬೈ ಷೇರುಪೇಟೆಯ ಏರಿಳಿತ ತೋರಿಸುವ ಸೂಚ್ಯಂಕ), ಮಾರ್ಚ್ 23ಕ್ಕೆ 26 ಸಾವಿರದ ಕೆಳಗೆ ಬಂತು. ನವೆಂಬರ್‌ನಲ್ಲಿ ಮತ್ತೆ 42 ಸಾವಿರ ದಾಟಿತು. ಕಾಯಲು ಆದವರಿಗೆ ಏನೂ ಆಗಲಿಲ್ಲ. ಜೂನ್‌ನಲ್ಲಿ ಫೀಸು ಕಟ್ಟಬೇಕಾಗಿದ್ದವರು ನಷ್ಟಕ್ಕೇ ಮಾರಬೇಕಾಯಿತು.

ಹಾಗಂತ ಎಲ್ಲವನ್ನೂ ಉಳಿತಾಯ ಖಾತೆಯಲ್ಲೇ ಬಿಡುವುದೂ ಜಾಣತನವಲ್ಲ. ಶೇ 2.5 ಬಡ್ಡಿ ಅಂದರೆ 1 ಲಕ್ಷ ವರ್ಷಕ್ಕೆ 1,02,500 ಆಗುತ್ತದೆ. ಬೆಲೆ ಶೇ 4ರಷ್ಟು ಏರಿದರೂ 1 ಲಕ್ಷದ ಸಾಮಾನಿಗೆ 1,04,000 ಬೇಕು. ಹಾಗಾಗಿ ತಾರೀಖು ಗೊತ್ತಿರುವ ದುಡ್ಡನ್ನು ಆ ತಿಂಗಳಿಗೆ ಮುಗಿಯುವ ಎಫ್‌ಡಿಯಲ್ಲಿ ಇಡಿ. ಆಸ್ಪತ್ರೆಯ ದುಡ್ಡು ಮಾತ್ರ ಖಾತೆಯಲ್ಲೇ ಇರಲಿ.

ಇಲ್ಲೊಂದು ಮಾತು. ಬ್ಯಾಂಕ್ ಠೇವಣಿಗೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರಿ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಅಲ್ಲಿ ಬಡ್ಡಿ ಜಾಸ್ತಿ ಸಿಗಬಹುದು, ಅಧ್ಯಕ್ಷರು ನಮ್ಮೂರಿನವರೇ ಇರಬಹುದು. ಆದರೂ ಇದ್ದದ್ದೆಲ್ಲವನ್ನೂ ಅಲ್ಲಿ ಇಡಬೇಡಿ.

ಇನ್ನು ಆ 40 ಸಾವಿರ. ನಿಮಗೇ ಆಯ್ಕೆ ಕಷ್ಟ ಅನ್ನಿಸಿದರೆ ಸೆನ್ಸೆಕ್ಸಿನಂಥ ಸೂಚ್ಯಂಕದ ಹಿಂದೆ ಹೋಗುವ ಇಂಡೆಕ್ಸ್ ಫಂಡ್ ಸಾಕು. ಒಮ್ಮೆಗೇ ಹಾಕುವ ಬದಲು ತಿಂಗಳಿಗೆ 4 ಸಾವಿರದಂತೆ 10 ತಿಂಗಳು ಹಾಕಿ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇದ್ದರೆ ಕೆವೈಸಿ (ಗುರುತಿನ ಪರಿಶೀಲನೆ) ಮುಗಿಯುತ್ತದೆ. ಫಂಡಿಗೆ ಸೆಬಿ (ಷೇರುಪೇಟೆ, ಫಂಡುಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) ನೋಂದಣಿ ಇದೆಯೇ ಅಂತ ಸೆಬಿ ವೆಬ್‌ಸೈಟಿನಲ್ಲೇ ನೋಡಿ. 'ತಿಂಗಳಿಗೆ ಶೇ 3 ಗ್ಯಾರಂಟಿ ಸರ್' ಅನ್ನುವ ಏಜೆಂಟ್ ಮನೆಗೆ ಬಂದರೆ ಚಹಾ ಕೊಟ್ಟು ಕಳಿಸಿ, ಚೆಕ್ ಕೊಡಬೇಡಿ.

ಅರ್ಜಿಯಲ್ಲಿ ನಾಮಿನಿ ಜಾಗ ಖಾಲಿ ಬಿಡಬೇಡಿ. ಎಫ್‌ಡಿಗೂ ಅಷ್ಟೇ, ಫಂಡಿಗೂ ಅಷ್ಟೇ. ಹಳೆಯ ಖಾತೆಗೆ ಹೆಸರು ಹಾಕಿಸಿದ್ದೀರೋ ಇಲ್ಲವೋ ನೆನಪಿಲ್ಲದಿದ್ದರೆ, ಮುಂದಿನ ಸಲ ಬ್ಯಾಂಕಿಗೆ ಹೋದಾಗ ಪಾಸ್‌ಬುಕ್ ಎಂಟ್ರಿಯ ಜೊತೆಗೆ ಅದನ್ನೂ ಕೇಳಿಕೊಂಡು ಬನ್ನಿ.