ರಿಜಿಸ್ಟರ್ ಅರೆಬರೆ ಇದ್ರೂ ಊರಿನ ಜನಸಂಖ್ಯೆ ಎಷ್ಟು ಬೆಳೀತು ಅಂತ ಲೆಕ್ಕ ಹಾಕೋದು ಹೇಗೆ

ಪ್ರಾಜೆಕ್ಟ್ ಮಾಡೋ ಹುಡುಗ್ರು ಜನನ-ಮರಣ ರಿಜಿಸ್ಟರ್ ತಂದು, ಹುಟ್ಟಿದ್ದರಲ್ಲಿ ಸತ್ತಿದ್ದು ಕಳೆದು, ಬೆಳವಣಿಗೆ ಇಷ್ಟು ಅಂತ ಬರೆದುಬಿಡ್ತಾರೆ. ಹುಟ್ಟಿದ್ದು ಹೇಗೋ ದಾಖಲಾಗುತ್ತೆ, ಸ್ಕೂಲಿಗೆ ಬೇಕಲ್ಲ. ಆಸ್ತಿ, ಇನ್ಶೂರೆನ್ಸ್ ಏನೂ ಇಲ್ಲದ ಅಜ್ಜಿ ತೀರ್ಕೊಂಡ್ರೆ ಸರ್ಟಿಫಿಕೇಟ್ ಮಾಡಿಸೋರು ಯಾರು? ಸಾವುಗಳು ಜಾಸ್ತಿ ಬಿಟ್ಟುಹೋಗಿ ಬೆಳವಣಿಗೆ ಉಬ್ಬಿ ಕಾಣುತ್ತೆ. ಬಿಟ್ಟುಹೋದದ್ದಕ್ಕೆ "ಹತ್ತು ಪರ್ಸೆಂಟ್ ಸೇರಿಸ್ಕೊಳ್ಳಿ" ಅನ್ನೋ ಶಾರ್ಟ್‌ಕಟ್ ಮಾತ್ರ ಬೇಡ.

ದಾರಿ ಇದೆ. ಕಲ್ಕತ್ತಾ ಹತ್ತಿರದ ಸಿಂಗೂರಿನ ದಾಖಲೆ ಇಟ್ಕೊಂಡು ಚಂದ್ರಶೇಖರನ್ ಮತ್ತೆ ಡೆಮಿಂಗ್ ಅನ್ನೋ ಸಂಖ್ಯಾಶಾಸ್ತ್ರಜ್ಞರು 1949ರಲ್ಲೇ ತೋರಿಸಿಕೊಟ್ಟಿದ್ದು.

ಮೊದಲು ಎರಡು ಪಟ್ಟಿ ಬೇಕು: ಒಂದು ರಿಜಿಸ್ಟರ್, ಇನ್ನೊಂದು ನೀವೇ ಮನೆ ಮನೆಗೆ ಹೋಗಿ ಮಾಡಿದ್ದು. ರಿಜಿಸ್ಟರ್ ಕೈಲಿ ಹಿಡ್ಕೊಂಡು ಸರ್ವೆಗೆ ಹೋಗ್ಬೇಡಿ, ಒಂದನ್ನ ನೋಡಿ ಇನ್ನೊಂದು ಬರೆದ್ರೆ ಎಲ್ಲಾ ತಾಳೆ ಆಗಿ ಬಿಟ್ಟುಹೋದದ್ದೇ ಇಲ್ಲ ಅಂತ ಬರುತ್ತೆ.

ಎರಡನೇದು ತಾಳೆ ನೋಡೋದು, ಕೆಡಿಸ್ಕೊಳ್ಳೋದು ಇಲ್ಲೇ. ಕೂಸಿಗೆ ಹೆಸರೇ ಇಟ್ಟಿರಲ್ಲ, ರಿಜಿಸ್ಟರಲ್ಲಿ ಬರೀ "ಗಂಡು" ಅಂತಿರುತ್ತೆ, ತಾಯಿ ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ಮನೇಲಿ ಲಕ್ಕಮ್ಮ, ತಾರೀಖು ಕೇಳಿದ್ರೆ "ಯುಗಾದಿ ಆದ್ಮೇಲೆ" ಅಂತಾರೆ. ಹಾಗಾಗಿ ತಾಯಿ ಹೆಸರು, ಗಂಡನ ಹೆಸರು, ಕೂಸು ಗಂಡೋ ಹೆಣ್ಣೋ, ತಿಂಗಳು, ಮನೆ ಇರೋ ಬೀದಿ, ಇಷ್ಟರಲ್ಲಿ ಎಷ್ಟು ಕೂಡಿದ್ರೆ ಒಂದೇ ಅಂತ ಮೊದಲೇ ಬರೆದಿಟ್ಕೊಳ್ಳಿ, ನಡುವೆ ಬದಲಾಯಿಸ್ಬೇಡಿ. ಡೌಟ್ ಇದ್ದದ್ದಕ್ಕೆ ಮತ್ತೆ ಮನೆಗೆ ಹೋಗಿ ಕೇಳಿ. ಒಂದೇ ಕೂಸನ್ನ ಎರಡು ಅಂದ್ಕೊಂಡ್ರೆ ಲೆಕ್ಕ ಉಬ್ಬುತ್ತೆ, ಎರಡನ್ನ ಒಂದು ಅಂದ್ಕೊಂಡ್ರೆ ಕುಗ್ಗುತ್ತೆ. ಎಕ್ಸೆಲ್‌ನಲ್ಲಿ ಹೆಸರು ತಾಳೆ ಹಾಕೋ ವಿ-ಲುಕಪ್ ಫಾರ್ಮುಲಾ ನಂಬ್ಬೇಡಿ. ಒಂದು ಫೈಲ್ ಹಳೇ ನುಡಿ ಫಾಂಟಲ್ಲಿ, ಇನ್ನೊಂದು ಯೂನಿಕೋಡಲ್ಲಿ ಇದ್ರೆ ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಬೇರೆ. ನನ್ ಕೇಳಿದ್ರೆ ಪ್ರಿಂಟ್ ತೆಗೆದು ಪೆನ್ಸಿಲಲ್ಲಿ ಮಾಡಿ.

ಇನ್ನೊಂದು ಗುಂಡಿ ತವರುಮನೆ. ನೋಂದಣಿ ಆಗೋದು ಹೆರಿಗೆ ಆದ ಜಾಗದಲ್ಲಿ, ತಾಯಿ ಇರೋ ಊರಲ್ಲಲ್ಲ. ನಿಮ್ಮೂರಿನ ಸೊಸೆ ತವರಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಹೆತ್ರೆ ಆ ಕೂಸು ನಿಮ್ಮ ರಿಜಿಸ್ಟರಲ್ಲಿ ಇರಲ್ಲ, ಬೇರೆ ಊರಿಗೆ ಕೊಟ್ಟ ಮಗಳ ಕೂಸು ಇರುತ್ತೆ. ಆ ಮಗಳ ಕೂಸನ್ನ ಲೆಕ್ಕದಿಂದ ತೆಗೀರಿ.

ಆಮೇಲೆ ಗಣಿತ ಸುಲಭ. ಒಂದರಲ್ಲಿ ಮಾತ್ರ ಇರೋದನ್ನ ಇನ್ನೊಂದರಲ್ಲಿ ಮಾತ್ರ ಇರೋದ್ರಿಂದ ಗುಣಿಸಿ, ಎರಡರಲ್ಲೂ ಇರೋದ್ರಿಂದ ಭಾಗಿಸಿ. ಎರಡರಿಂದಲೂ ತಪ್ಪಿಸಿಕೊಂಡದ್ದು ಅಷ್ಟು. 4,000 ಜನರ ಊರು ಅಂದ್ಕೊಳ್ಳಿ. ಒಂದು ವರ್ಷದ ಜನನ ಎರಡರಲ್ಲೂ 60, ರಿಜಿಸ್ಟರಲ್ಲಿ ಮಾತ್ರ 6, ಸರ್ವೆಯಲ್ಲಿ ಮಾತ್ರ 10: ತಪ್ಪಿದ್ದು 1, ಒಟ್ಟು 77. ಮರಣ ಅದೇ ಕ್ರಮದಲ್ಲಿ 16, 4, 12: ತಪ್ಪಿದ್ದು 3, ಒಟ್ಟು 35. ಹೆಚ್ಚಳ 42, ಅಂದ್ರೆ ಸಾವಿರಕ್ಕೆ 10.5. ಬರೀ ರಿಜಿಸ್ಟರ್ ನಂಬಿದ್ರೆ 66ರಲ್ಲಿ 20 ಕಳೆದು 46, ಸಾವಿರಕ್ಕೆ 11.5 ಬರ್ತಿತ್ತು.

ಹುಟ್ಟಿದ ವಾರದಲ್ಲೇ ತೀರ್ಕೊಂಡ ಕೂಸುಗಳು ಎರಡೂ ಪಟ್ಟಿಯಿಂದ ಒಟ್ಟಿಗೇ ಜಾರಿಹೋಗ್ತವೆ, ಅದಕ್ಕೆ ಮರಣದ ಲೆಕ್ಕ ವಯಸ್ಸಿನ ಪ್ರಕಾರ ಬೇರೆ ಬೇರೆ ಮಾಡಿ ಕೂಡಿಸಿ. ಸಾವಿರಕ್ಕೆ ಎಷ್ಟು ಅಂತ ಭಾಗಿಸೋಕೆ ಊರಿನ ಜನ ಎಷ್ಟು ಅನ್ನೋದಕ್ಕೆ 2011ರ ಸೆನ್ಸಸ್ ಸಂಖ್ಯೆ ಹಾಕ್ಬೇಡಿ, ಹಳೇದಾಯ್ತು, ಸರ್ವೆ ಮಾಡ್ತಾನೇ ತಲೆ ಎಣಿಸ್ಕೊಂಡು ಬನ್ನಿ. ಬೆಂಗಳೂರಿಗೆ ಹೋಗಿ ಸೆಟಲ್ ಆದವರು ಈ ಹುಟ್ಟು-ಸಾವಿನ ಲೆಕ್ಕದಲ್ಲಿ ಬರಲ್ಲ, ಅವರನ್ನ ಪ್ರತ್ಯೇಕ ಕಾಲಮ್ಮಲ್ಲಿ ಬರ್ಕೊಳ್ಳಿ.