ಹಳೆ ಲ್ಯಾಪ್‌ಟಾಪ್ ಆನ್ ಆಗ್ತಿಲ್ವಾ? ಎಲ್ಲಿಗೆ ಬಂದು ನಿಂತಿದೆ ಅಂತ ಮೊದಲು ನೋಡಿ

ಪವರ್ ಬಟನ್ ಒತ್ತಿದರೆ ‘ಏನೂ ಆಗ್ತಿಲ್ಲ’ ಎನ್ನುವವರನ್ನು ಸ್ವಲ್ಪ ಕೆದಕಿ ಕೇಳಿ ನೋಡಿ. ಬಹಳ ಸಲ ಏನೋ ಒಂದು ಆಗಿಯೇ ಇರುತ್ತದೆ. ಒಂದು ಲೈಟ್ ಹತ್ತಿರುತ್ತದೆ, ಇಲ್ಲ ಫ್ಯಾನ್ ಎರಡು ಸೆಕೆಂಡ್ ತಿರುಗಿ ಸುಮ್ಮನಾಗಿರುತ್ತದೆ, ಇಲ್ಲ ಕ್ಯಾಪ್ಸ್ ಲಾಕ್ ದೀಪ ಮಿಣುಕುತ್ತಿರುತ್ತದೆ. ಸುಳಿವು ಸಿಗುವುದು ಅಲ್ಲೇ. ಲ್ಯಾಪ್‌ಟಾಪ್ ಶುರುವಾಗುವುದಕ್ಕೆ ಒಂದು ಕ್ರಮವಿದೆ. ಮೊದಲು ಕರೆಂಟ್ ಬರಬೇಕು, ಆಮೇಲೆ ಒಳಗಿನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್ ರ‍್ಯಾಮ್ (ಕೆಲಸದ ವೇಳೆ ಬಳಸುವ ತಾತ್ಕಾಲಿಕ ಮೆಮೊರಿ) ಸರಿ ಇದೆಯಾ ಅಂತ ನೋಡಿಕೊಂಡು ಪರದೆಗೆ ಚಿತ್ರ ಕಳಿಸಬೇಕು, ನಂತರ ಡಿಸ್ಕ್ ಹುಡುಕಬೇಕು, ಕೊನೆಗೆ ವಿಂಡೋಸ್ ಲೋಡ್ ಆಗಬೇಕು. ಎಲ್ಲಿಗೆ ಬಂದು ನಿಂತಿದೆ ಅಂತ ಗೊತ್ತಾದರೆ ತೊಂದರೆ ಎಲ್ಲಿದೆ ಎನ್ನುವುದೂ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಇದನ್ನು ನೋಡದೆ, ಫೈಲ್‌ಗಳ ಕಾಪಿಯೂ ಇಲ್ಲದೆ, ‘ಫಾರ್ಮ್ಯಾಟ್ ಮಾಡಿಬಿಡೋಣ’ ಅಂತ ಹೊರಡುವವರನ್ನು ಕಂಡರೆ ನನಗೆ ಭಯ.

ಮೊದಲಿಗೆ ಲ್ಯಾಪ್‌ಟಾಪನ್ನು ಸಮತಟ್ಟಾದ ಟೇಬಲ್ ಮೇಲೆ ಇಡಿ. ಅಲುಗಾಡುತ್ತಿದೆಯಾ? ಟಚ್‌ಪ್ಯಾಡ್ ಮೇಲೆದ್ದಿದೆಯಾ? ಕೆಳಗಿನ ಮುಚ್ಚಳ ಉಬ್ಬಿದೆಯಾ? ಹಾಗಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅಲ್ಲಿಗೇ ನಿಲ್ಲಿಸಿ. ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಲಂತೂ ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಅದನ್ನು ತೆಗೆಯುವುದು ಬಲ್ಲವರ ಕೆಲಸ.

ಲೈಟೂ ಇಲ್ಲ, ಸದ್ದೂ ಇಲ್ಲ

ಇಲ್ಲಿ ಮೊದಲ ಅನುಮಾನ ಚಾರ್ಜರ್ ಮೇಲೆ. ಅದೇ ಸಾಕೆಟ್‌ಗೆ ಬೇರೇನಾದರೂ ಹಾಕಿ ಕರೆಂಟ್ ಇದೆಯಾ ನೋಡಿ. ಅಡಾಪ್ಟರ್ ಡಬ್ಬಿಗೆ ಸೇರುವ ವೈರನ್ನು ಬಿಚ್ಚಿ ಮತ್ತೆ ಒತ್ತಿ ಹಾಕಿ, ಅದು ಅಲ್ಲೇ ಜಾಸ್ತಿ ಸಡಿಲವಾಗುವುದು. ಬೇರೆ ಚಾರ್ಜರ್ ಹಾಕಿ ನೋಡುವುದಾದರೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ 19 ವೋಲ್ಟ್, 3.42 ಆಂಪ್ ಅಂತಿದ್ದರೆ ಅದು 65 ವ್ಯಾಟ್‌ನದು. ವೋಲ್ಟ್ ಹೊಂದಬೇಕು, ಆಂಪ್ ಅಷ್ಟೇ ಇರಬೇಕು ಅಥವಾ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಪಿನ್ ಕೂತಿತು ಅಂದಮಾತ್ರಕ್ಕೆ ಚಾರ್ಜರ್ ಹೊಂದಿತು ಅಂತ ಅಲ್ಲ. ಟೈಪ್‌-ಸಿ ಇರುವ ಲ್ಯಾಪ್‌ಟಾಪ್ ಆದರೆ ಫೋನಿನ ಸಣ್ಣ ಚಾರ್ಜರ್ ಹಾಕಿ ಕಾಯುತ್ತಾ ಕೂರಬೇಡಿ.

ಪಿನ್ ಅನ್ನು ಮೆಲ್ಲಗೆ ಅಲ್ಲಾಡಿಸಿದಾಗ ಲೈಟ್ ಬಂದು ಹೋದರೆ ದೋಷ ಜ್ಯಾಕ್‌ನದೋ ಪಿನ್ ಬುಡದ ವೈರಿನದೋ ಇರಬೇಕು. ಎಷ್ಟೋ ಹಳೆ ಮಾಡೆಲ್‌ಗಳಲ್ಲಿ ಆ ಜ್ಯಾಕ್ ಒಂದು ತುಂಡು ವೈರಿನ ತುದಿಯಲ್ಲಿರುತ್ತದೆ, ಬೋರ್ಡ್ ಮುಟ್ಟದೆ ಅದೊಂದನ್ನೇ ಬದಲಾಯಿಸಬಹುದು. ಇದನ್ನು ‘ಮದರ್‌ಬೋರ್ಡ್ ಹೋಗಿದೆ’ ಅಂತ ಹೇಳಿಸಿಕೊಂಡು ಬರುವವರೂ ಇದ್ದಾರೆ!

ಚಾರ್ಜರ್ ಸರಿ ಇದೆ ಅಂದರೆ ರೀಸೆಟ್ ಮಾಡಿ. ಚಾರ್ಜರ್ ತೆಗೆಯಿರಿ. ಹೊರಗಿನಿಂದ ಬಿಚ್ಚಬಹುದಾದ ಬ್ಯಾಟರಿ ಆದರೆ ಅದನ್ನೂ ತೆಗೆಯಿರಿ. ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಬ್ಯಾಟರಿ ಹಾಕದೆ ಬರೀ ಚಾರ್ಜರ್ ಚುಚ್ಚಿ ಆನ್ ಮಾಡಿ. ಮಂತ್ರದ ಹಾಗೆ ಕಂಡರೂ ಇದಕ್ಕೆ ಕಾರಣವಿದೆ. ಪವರ್ ಬಟನ್ ಒತ್ತಿದ್ದನ್ನು ಗಮನಿಸುವ ಒಂದು ಪುಟ್ಟ ಚಿಪ್ ಬೋರ್ಡ್ ಮೇಲೆ ಸದಾ ಎಚ್ಚರವಾಗಿರುತ್ತದೆ, ಅದೇ ಸಿಕ್ಕಿಹಾಕಿಕೊಂಡರೆ ನೀವು ಎಷ್ಟು ಒತ್ತಿದರೂ ಕೇಳಿಸುವುದಿಲ್ಲ. ಉಳಿದ ಕರೆಂಟೆಲ್ಲ ಖಾಲಿಯಾದರೆ ಅದು ಮೊದಲಿನಿಂದ ಶುರುಮಾಡುತ್ತದೆ. ಬ್ಯಾಟರಿ ಒಳಗೇ ಇರುವ ಕೆಲವು ಲೆನೊವೊ, ಏಸರ್ ಮಾಡೆಲ್‌ಗಳಲ್ಲಿ ತಳಭಾಗದಲ್ಲಿ ಸೂಜಿಮೊನೆಯಷ್ಟು ರಂಧ್ರವೊಂದಿದ್ದು, ಅದರೊಳಗೆ ಇದೇ ಕೆಲಸದ ಬಟನ್ ಇರುತ್ತದೆ. ಪೇಪರ್ ಕ್ಲಿಪ್ ಬಿಡಿಸಿ ಒತ್ತಬಹುದು. ಪಕ್ಕದಲ್ಲಿ ಬ್ಯಾಟರಿ ಗುರುತು ಇದೆಯಾ ನೋಡಿಕೊಳ್ಳಿ, ಸಿಕ್ಕ ರಂಧ್ರಕ್ಕೆಲ್ಲ ಚುಚ್ಚಬೇಡಿ.

ಬ್ಯಾಟರಿ ಇಲ್ಲದೆ ಆನ್ ಆಯಿತು, ಹಾಕಿದರೆ ಆಗುತ್ತಿಲ್ಲ ಅಂದರೆ ಬ್ಯಾಟರಿ ಸತ್ತಿದೆ. ಹೊಸದು ಬರುವವರೆಗೆ ಚಾರ್ಜರ್ ಮೇಲೆಯೇ ಓಡಿಸಬಹುದು.

ಲೈಟ್ ಇದೆ, ಫ್ಯಾನ್ ಇದೆ, ಪರದೆ ಮಾತ್ರ ಕಪ್ಪು

ಸ್ವಲ್ಪ ಹೊತ್ತು ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಯಂತ್ರ ಓಡುತ್ತಿದೆ, ತೊಂದರೆ ಪರದೆಯದು. ಕೋಣೆ ಕತ್ತಲೆ ಮಾಡಿ, ಫೋನಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಅಕ್ಷರವೋ ಚಿತ್ರವೋ ಕಂಡರೆ ಹೋಗಿರುವುದು ಬರೀ ಪರದೆಯ ಹಿಂದಿನ ಬೆಳಕು, ಅಂದರೆ ಬ್ಯಾಕ್‌ಲೈಟ್. ಟಿವಿಗೋ ಮಾನಿಟರ್‌ಗೋ ಎಚ್‌ಡಿಎಂಐ ಕೇಬಲ್ ಹಾಕಿದಾಗ ಚಿತ್ರ ಚೆನ್ನಾಗಿ ಬಂದರೂ ಅಷ್ಟೇ, ಪರದೆ ಅಥವಾ ಅದರ ಕೇಬಲ್ ಕೈಕೊಟ್ಟಿದೆ.

ಕ್ಯಾಪ್ಸ್ ಲಾಕ್‌ಗೂ ಉತ್ತರವಿಲ್ಲ, ಅಥವಾ ಬೀಪ್ ಸದ್ದು, ಲೆಕ್ಕಕ್ಕೆ ಸಿಗುವ ಹಾಗೆ ದೀಪ ಮಿಣುಕುವುದು ಇದೆಯಾ? ಅದನ್ನು ಎಣಿಸಿ ಬರೆದಿಟ್ಟುಕೊಳ್ಳಿ. ಎಚ್‌ಪಿ, ಡೆಲ್ ತಮ್ಮ ಮಾಡೆಲ್‌ಗಳ ಸಂಕೇತಗಳ ಅರ್ಥವನ್ನು ವೆಬ್‌ಸೈಟಿನಲ್ಲೇ ಕೊಟ್ಟಿವೆ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ನೋಡಬೇಕಾದ್ದು ರ‍್ಯಾಮ್. ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆದ ಮೇಲೆಯೇ ತಳದ ಮುಚ್ಚಳ ಬಿಚ್ಚಿ. ರ‍್ಯಾಮ್ ಪಟ್ಟಿಯ ಎರಡೂ ಪಕ್ಕದ ಕೊಕ್ಕೆಗಳನ್ನು ಹೊರಕ್ಕೆ ಸರಿಸಿದರೆ ಅದು ತಾನಾಗಿ ಓರೆಯಾಗಿ ಮೇಲೇಳುತ್ತದೆ. ಅಂಚು ಹಿಡಿದು ಎಳೆಯಿರಿ. ಚಿನ್ನದ ಬಣ್ಣದ ಹಲ್ಲುಗಳು ಮಬ್ಬಾಗಿದ್ದರೆ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಮತ್ತೆ ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿ. ಟಿಕ್ ಅಂತ ಸದ್ದು ಬರಬೇಕು. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ಆನ್ ಮಾಡಿ. ಒಂದರಲ್ಲಿ ಆಗಿ ಇನ್ನೊಂದರಲ್ಲಿ ಆಗದಿದ್ದರೆ ಕಳ್ಳ ಸಿಕ್ಕ.

ಲೋಗೋ ಬಂತು, ‘ಬೂಟ್ ಡಿವೈಸ್ ಇಲ್ಲ’ ಎನ್ನುತ್ತಿದೆ

ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಏನಾದರೂ ಸಿಕ್ಕಿಸಿಟ್ಟಿದ್ದರೆ ತೆಗೆಯಿರಿ. ಎಷ್ಟೋ ಸಲ ಯಂತ್ರ ಅದರಲ್ಲೇ ವಿಂಡೋಸ್ ಹುಡುಕುತ್ತಾ ನಿಂತಿರುತ್ತದೆ. ಆಮೇಲೆ ವಿಂಡೋಸ್‌ಗೂ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ. ಆನ್ ಮಾಡಿದ ಕೂಡಲೇ ಡೆಲ್, ಏಸರ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತುತ್ತಾ ಇರಬೇಕು. ಅಲ್ಲಿ ಹಾರ್ಡ್ ಡಿಸ್ಕ್ ಹೆಸರು ಕಾಣುತ್ತಿದೆಯಾ? ಜೊತೆಗೆ ತಾರೀಕು ನೋಡಿ. ಅದು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಪುಟ್ಟ ಸೆಲ್ ಖಾಲಿಯಾಗಿದೆ. ಸಾಮಾನ್ಯವಾಗಿ ಅದು 3 ವೋಲ್ಟ್‌ನ ಸಿಆರ್2032. ಆ ಸೆಲ್ ಹೋದರೆ ಹಳೆ ಯಂತ್ರಗಳಲ್ಲಿ ಬಯಾಸ್ ಸೆಟ್ಟಿಂಗ್ ಎಲ್ಲ ಮರೆತುಹೋಗುತ್ತದೆ. ಬೂಟ್ ಮೋಡ್ (ಯಂತ್ರ ಶುರುವಾಗುವ ರೀತಿ; ಹೊಸದು ಯುಇಎಫ್‌ಐ, ಹಳೆಯದು ಲೆಗಸಿ) ಯುಇಎಫ್‌ಐ ಇದ್ದದ್ದು ಲೆಗಸಿಗೆ ಹೋಗಿಬಿಡಬಹುದು, ಲೆಗಸಿ ಇದ್ದದ್ದು ಯುಇಎಫ್‌ಐಗೆ. ಡಿಸ್ಕೂ ಸರಿ, ವಿಂಡೋಸೂ ಸರಿ, ಆದರೂ ಡಿಸ್ಕ್ ಇಲ್ಲ ಅಂತ ಸಂದೇಶ ಬರುತ್ತದೆ! ಬೂಟ್ ಮೋಡ್ ಒಮ್ಮೆ ಬದಲಾಯಿಸಿ ನೋಡಿ, ಬೇಕಿದ್ದರೆ ಮತ್ತೆ ಮೊದಲಿನಂತೆ ಇಡಬಹುದು. ಆದರೆ ಸೆಲ್ ಬದಲಾಯಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಇದೇ ಕಥೆ ಮರುಕಳಿಸುತ್ತದೆ.

ಬಯಾಸ್‌ನಲ್ಲಿ ಡಿಸ್ಕ್ ಕಾಣುತ್ತಲೇ ಇಲ್ಲ ಅಂದರೆ ಅದನ್ನು ಒಮ್ಮೆ ಕಳಚಿ ಮತ್ತೆ ಕೂರಿಸಿ. ಹಳೆ ತಿರುಗುವ ಡಿಸ್ಕ್‌ನಿಂದ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಪ್ರತಿ ಸಲವೂ ಉಳಿದಿರುವ ಡೇಟಾ ಇನ್ನಷ್ಟು ಹಾಳಾಗಬಹುದು. ಒಳಗಿರುವುದು ನಿಮಗೆ ಮುಖ್ಯವಾದರೆ ನೇರವಾಗಿ ಡೇಟಾ ರಿಕವರಿ ಮಾಡುವವರಲ್ಲಿಗೆ ಹೋಗಿ.

ವಿಂಡೋಸ್ ಶುರುವಾಗಿ ಗಿರಗಿರ ತಿರುಗುತ್ತಾ ನಿಂತರೆ

ಲೋಗೋ ಬಂದ ಮೇಲೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ 10, 11 ತಾನಾಗಿ ರಿಪೇರಿ ಪರದೆಗೆ ಹೋಗುತ್ತವೆ. ಅಲ್ಲಿ ಮೊದಲು ಸ್ಟಾರ್ಟಪ್ ರಿಪೇರ್, ಆಗದಿದ್ದರೆ ಸೇಫ್ ಮೋಡ್ (ಅತ್ಯಗತ್ಯವಾದದ್ದಷ್ಟೇ ಲೋಡ್ ಆಗುವ ವಿಂಡೋಸ್). ಸೇಫ್ ಮೋಡ್‌ನಲ್ಲಿ ಓಡುತ್ತಿದ್ದರೆ ಇತ್ತೀಚೆಗೆ ಹಾಕಿದ ಡ್ರೈವರೋ ಅಪ್‌ಡೇಟೋ ಕಾರಣ ಇರಬೇಕು, ಅದನ್ನು ತೆಗೆಯಿರಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಕೀ ಕೇಳಿದರೆ ಗಾಬರಿ ಬೇಡ, ಬೇರೆ ಯಂತ್ರದಿಂದ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ನೋಡಿ, ಬಹುಶಃ 48 ಅಂಕಿಗಳ ಕೀ ಅಲ್ಲೇ ಉಳಿದಿರುತ್ತದೆ.

ಇದಾವುದಕ್ಕೂ ಬಗ್ಗದಿದ್ದರೆ, ಮತ್ತೆ ಇನ್‌ಸ್ಟಾಲ್ ಮಾಡುವ ಮೊದಲು, ಇನ್ನೊಂದು ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಇರುವ ಪೆನ್‌ಡ್ರೈವ್ ಮಾಡಿಕೊಂಡು ಅದರಿಂದ ಬೂಟ್ ಮಾಡಿ. ಏನೂ ಇನ್‌ಸ್ಟಾಲ್ ಮಾಡದೆ ಫೈಲ್‌ಗಳನ್ನು ಹೊರಗಿನ ಡಿಸ್ಕಿಗೆ ಎಳೆದುಕೊಳ್ಳಬಹುದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಹಳೆ ಯಂತ್ರಕ್ಕೆ 11 ಹಿಡಿಸದಿದ್ದರೆ ಆ ಮಿಂಟನ್ನೇ ಇಟ್ಟುಕೊಂಡರೂ ತಪ್ಪೇನಿಲ್ಲ, ಅಲ್ವಾ?

ಇನ್ನು, ಆನ್ ಆಗಿ ಕೆಲವೇ ನಿಮಿಷಕ್ಕೆ ಥಟ್ಟನೆ ಆಫ್ ಆದರೆ ಅದು ಬಿಸಿಯ ತೊಂದರೆ ಇರಬಹುದು. ಗಾಳಿ ಹೊರಬರುವ ಕಿಂಡಿಯ ಧೂಳು ತೆಗೆಯಿರಿ, ಫ್ಯಾನ್ ರೆಕ್ಕೆಯನ್ನು ತಿರುಗದಂತೆ ಹಿಡಿದೇ ಗಾಳಿ ಊದಿ.

ನೀರೋ ಕಾಫಿಯೋ ಬಿದ್ದಿದ್ದರೆ, ಸುಟ್ಟ ವಾಸನೆ ಬಂದರೆ, ಇದಾವುದನ್ನೂ ಮಾಡಬೇಡಿ. ಕೂಡಲೇ ಚಾರ್ಜರ್ ಕಿತ್ತು ರಿಪೇರಿಗೆ ಕೊಡಿ. ಕೊಡುವಾಗ ‘ಆನ್ ಆಗ್ತಿಲ್ಲ’ ಅಂತಷ್ಟೇ ಹೇಳದೆ ಯಾವ ಲೈಟ್ ಹತ್ತಿತು, ಎಷ್ಟು ಸಲ ಮಿಣುಕಿತು, ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಬರೆದುಕೊಡಿ. ಡಿಸ್ಕ್ ಸುಲಭವಾಗಿ ಬಿಚ್ಚಲು ಬರುವಂತಿದ್ದರೆ, ರಿಪೇರಿ ಅದರದ್ದಲ್ಲದಿದ್ದರೆ, ಅದನ್ನು ತೆಗೆದು ಮನೆಯಲ್ಲೇ ಇಟ್ಟುಕೊಳ್ಳಿ.