ಎರಡು ಕಾರ್ಡ್, ಒಂದೇ ಫ್ರಿಜ್: ಕಾಸ್ಟ್‌ಕೋ, ಸ್ಯಾಮ್ಸ್ ಕ್ಲಬ್ ಲೆಕ್ಕ

ಅಮೆರಿಕದ ಡಾಲಸ್ ಸುತ್ತಮುತ್ತ ಇರುವ ನಮ್ಮ ಜನ ಊರಿಂದ ಹೊಸದಾಗಿ ಬಂದವರಿಗೆ ಮೊದಲು ಹೇಳುವುದು, "ಕಾಸ್ಟ್‌ಕೋ ಕಾರ್ಡ್ ಮಾಡಿಸ್ಕೊಂಡ್ಬಿಡಿ, ಎಲ್ಲಾ ಚೀಪು." ಎಲ್ಲಾ ಚೀಪಲ್ಲ. ಕಾಸ್ಟ್‌ಕೋ, ಅದರಂಥದ್ದೇ ಸ್ಯಾಮ್ಸ್ ಕ್ಲಬ್, ಎರಡೂ ವರ್ಷಕ್ಕಿಷ್ಟು ಶುಲ್ಕ ಕಟ್ಟಿ ಕಾರ್ಡ್ ಮಾಡಿಸಿದವರಿಗೆ ದೊಡ್ಡ ದೊಡ್ಡ ಕಟ್ಟುಗಳಲ್ಲಿ ಸಾಮಾನು ಮಾರುವ ಅಂಗಡಿಗಳು. ಒಂದಿಡೀ ವರ್ಷ ಎರಡರ ಕಾರ್ಡನ್ನೂ ಇಟ್ಟುಕೊಂಡು, ತಂದದ್ದರಲ್ಲಿ ಯಾವುದು ಮುಗಿಯಿತು, ಯಾವುದು ಕಸದ ಡಬ್ಬಿ ಸೇರಿತು ಅಂತ ಬರೆದಿಟ್ಟುಕೊಂಡ ಮೇಲೆ ಹೇಳುತ್ತಿದ್ದೇನೆ. ನಾವು ಮೂರೇ ಜನ, ಸಸ್ಯಾಹಾರಿಗಳು, ಅಡುಗೆ ದಿನಾ ಮನೆಯಲ್ಲೇ. ಮಾಂಸ ತಿನ್ನುವವರ ಲೆಕ್ಕ ಬೇರೆ, 4.99 ಡಾಲರಿಗೆ ಸಿಗುವ ಸುಟ್ಟ ಕೋಳಿಗೋಸ್ಕರವೇ ಕಾಸ್ಟ್‌ಕೋ ಬಿಡದ ಸ್ನೇಹಿತರಿದ್ದಾರೆ.

ಮೊದಲು ಶುಲ್ಕದ ವಿಷಯ. ಕಾಸ್ಟ್‌ಕೋದಲ್ಲಿ 2024ರ ಸೆಪ್ಟೆಂಬರ್‌ನಿಂದ ಸಾದಾ ಕಾರ್ಡಿಗೆ ವರ್ಷಕ್ಕೆ 65 ಡಾಲರ್, ಮೇಲ್ದರ್ಜೆಯ ಎಕ್ಸಿಕ್ಯುಟಿವ್ ಕಾರ್ಡಿಗೆ 130. ಸ್ಯಾಮ್ಸ್ ಕ್ಲಬ್‌ನಲ್ಲಿ ನಾನು ಕಟ್ಟಿದಾಗ ಸಾದಾಕ್ಕೆ 50, ಮೇಲ್ದರ್ಜೆಯ ಪ್ಲಸ್‌ಗೆ 110. ಒಳಗೆ ಹೋಗುವುದಕ್ಕೇ ದುಡ್ಡು ಯಾಕೆ ಕೊಡಬೇಕು ಅಂತ ಊರಿಂದ ಬಂದ ಅಪ್ಪ ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಬೆಂಗಳೂರಿಗೆ 2003ರಲ್ಲಿ ಬಂದ ಮೆಟ್ರೋ ಸಗಟು ಅಂಗಡಿಯಲ್ಲಿ ಕಾರ್ಡಿಗೆ ದುಡ್ಡಿರಲಿಲ್ಲ, ಆದರೆ ಅಂಗಡಿಯೋ ಹೋಟೆಲೋ ಇಟ್ಟವರಿಗಷ್ಟೇ ಕಾರ್ಡು; ಮಿಕ್ಕವರು ಪರಿಚಯದವರ ಕಾರ್ಡ್ ಹಿಡಿದು ಯಶವಂತಪುರಕ್ಕೆ ಹೋಗುತ್ತಿದ್ದರು. ಇಲ್ಲಿ ಅಂಗಡಿಯ ಸಂಪಾದನೆಯೇ ಕಾರ್ಡಿನಿಂದ. 2024ರ ಹಣಕಾಸು ವರ್ಷದಲ್ಲಿ ಕಾಸ್ಟ್‌ಕೋಗೆ ಸದಸ್ಯತ್ವ ಶುಲ್ಕದಿಂದಲೇ ಬಂದದ್ದು ಸುಮಾರು 480 ಕೋಟಿ ಡಾಲರ್. ಹಾಗಾಗಿ ಸಾಮಾನಿನ ಮೇಲೆ ಲಾಭವನ್ನು ಹೆಚ್ಚು ಇಡುವುದಿಲ್ಲ, ಬಗೆಗಳನ್ನೂ ನಾಲ್ಕು ಸಾವಿರದ ಆಸುಪಾಸಿಗೇ ನಿಲ್ಲಿಸುತ್ತಾರೆ. ಟೂತ್‌ಪೇಸ್ಟ್ ಅಂದರೆ ಎರಡೋ ಮೂರೋ ಬಗೆ, ಅಷ್ಟೇ. ಆರಿಸುವ ಚಟ ಇರುವವರಿಗೆ ಅಲ್ಲಿ ಬೇಜಾರು.

ನಮ್ಮ ಮನೆಯಲ್ಲಿ ಕಾರ್ಡಿನ ದುಡ್ಡು ವಾಪಸ್ ಬಂದದ್ದು ಬೆಣ್ಣೆಯಿಂದ. ಕಾಸ್ಟ್‌ಕೋದ ಸ್ವಂತ ಬ್ರ್ಯಾಂಡ್ ಕಿರ್ಕ್‌ಲ್ಯಾಂಡ್‌ನ ಉಪ್ಪಿಲ್ಲದ ಬೆಣ್ಣೆ ನಾಲ್ಕು ಪೌಂಡಿನ ಕಟ್ಟು, ಅಂದರೆ 1.8 ಕಿಲೋ. ಅಷ್ಟನ್ನೂ ಒಂದೇ ಸಲ ದಪ್ಪ ತಳದ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಇಡುತ್ತೇನೆ. ಮೊದಲು ನೊರೆ ಉಕ್ಕಿ ಬರುತ್ತೆ. ಪಾತ್ರೆ ಅರ್ಧ ಖಾಲಿ ಇಲ್ಲದಿದ್ದರೆ ಸ್ಟವ್ ತೊಳೆಯುವ ಕೆಲಸ ಗ್ಯಾರಂಟಿ. ಆಮೇಲೆ ಚಟಪಟ ಸದ್ದು ಕಡಿಮೆಯಾಗಿ, ತಳದ ಗಸಿ ಹೊಂಬಣ್ಣಕ್ಕೆ ತಿರುಗಿದ ತಕ್ಷಣ ಇಳಿಸಿ, ನಾಲ್ಕು ಕಾಳು ಮೆಂತ್ಯ ಹಾಕಿ, ಆರಿದ ಮೇಲೆ ಸೋಸುವುದು. ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಜಿಡ್ಡು, ಮಿಕ್ಕದ್ದು ಹೆಚ್ಚಾಗಿ ನೀರು. ಹಾಗಾಗಿ ಹತ್ತಿರಹತ್ತಿರ 1.4 ಕಿಲೋ ತುಪ್ಪ ಸಿಗುತ್ತೆ. ಇಂಡಿಯನ್ ಅಂಗಡಿಯ ಬಾಟಲಿ ತುಪ್ಪಕ್ಕೆ ಹೋಲಿಸಿದರೆ ಖರ್ಚು ಹೆಚ್ಚುಕಡಿಮೆ ಅರ್ಧ. ಹುಳಿ ಬೆಣ್ಣೆಯಲ್ಲದ್ದರಿಂದ ಅಜ್ಜಿ ಮನೆ ತುಪ್ಪದ ಘಮ ಬರಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಬಿಸಿಬೇಳೆಬಾತಿಗೆ ಕೈ ಬಿಗಿ ಹಿಡಿಯದೆ ಸುರಿಯಬಹುದು.

ಬಾದಾಮಿ, ಗೋಡಂಬಿ, ಅಡುಗೆ ಎಣ್ಣೆ, ಪಾತ್ರೆ ತೊಳೆಯುವ ಸೋಪು, ಕೆಡದ ಇಂಥವೆಲ್ಲ ಲಾಭವೇ. ಕೆಡುವ ಸಾಮಾನಿನಲ್ಲೇ ಸೋರಿಕೆ. ಒಂದು ಪೌಂಡಿನ ಪಾಲಕ್ ಡಬ್ಬ ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತೆ, ಮೂರು ಜನರ ಮನೆಯಲ್ಲಿ ನಾಲ್ಕನೇ ದಿನಕ್ಕೆ ತಳದಿಂದ ಲೋಳೆ ಶುರು. "ಇನ್ನೊಂದ್ಸಲ ಈ ಡಬ್ಬ ತಂದ್ರೆ ಬೆಳಿಗ್ಗೆ ಸಂಜೆ ನೀವೇ ತಿನ್ನಬೇಕು ರೀ" ಅಂತ ಹೆಂಡತಿ ಹೇಳಿದ ಮೇಲೆ ಸೊಪ್ಪು ಪಟ್ಟಿಯಿಂದ ಹೋಯಿತು. ಕಾಲು ಭಾಗ ಎಸೆದರೆ ಕಡಿಮೆ ಬೆಲೆ ಎಲ್ಲಿ ಉಳಿಯಿತು? ಹಾಲು, ಸಕ್ಕರೆ ನಮ್ಮ ಕಡೆ ದಿನಸಿ ಅಂಗಡಿ ಆಲ್ಡಿಯಲ್ಲೂ ಅದೇ ರೇಟು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಬೆಲೆ ಚೀಟಿಯ ಮೇಲೆ ಸಣ್ಣಕ್ಷರದಲ್ಲಿ ಔನ್ಸಿಗೆ ಎಷ್ಟು ಅಂತ ಇರುತ್ತೆ, ನೋಡಬೇಕಾದ್ದು ಅದನ್ನು. ಇನ್ನೊಂದು ಗುಟ್ಟು ಅಲ್ಲೇ ಇದೆ: ಕಾಸ್ಟ್‌ಕೋದಲ್ಲಿ ಬೆಲೆ .97ಕ್ಕೆ ಮುಗಿದರೆ ಸಾಮಾನ್ಯವಾಗಿ ಅದು ಖಾಲಿ ಮಾಡಲು ಇಳಿಸಿದ ಮಾಲು. ಚೀಟಿಯ ಮೂಲೆಯಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ಮಾಲನ್ನು ಮತ್ತೆ ತರಿಸುವುದಿಲ್ಲ ಅಂತ.

ಇನ್ನು ತೊಗರಿಬೇಳೆ, ಸೋನಾ ಮಸೂರಿ, ಹುಣಸೆಹಣ್ಣು, ಕರಿಬೇವು ಇವಕ್ಕೆಲ್ಲ ಇಂಡಿಯನ್ ಅಂಗಡಿಗೆ ಹೋಗಲೇಬೇಕು. ಕಾಸ್ಟ್‌ಕೋದಲ್ಲಿ ಇಪ್ಪತ್ತು ಪೌಂಡಿನ ಬಾಸ್ಮತಿ ಚೀಲ ಇದೆ ನಿಜ, ಸಾರನ್ನಕ್ಕೆ ಬಾಸ್ಮತಿ ಕಲಸುವವರು ಯಾರು?

ಎರಡು ಅಂಗಡಿಗಳ ನಡುವಿನ ವ್ಯತ್ಯಾಸ ಬೆಲೆಗಿಂತ ಓಡಾಟದಲ್ಲಿ ಜಾಸ್ತಿ. ಸ್ಯಾಮ್ಸ್‌ನ 'ಸ್ಕ್ಯಾನ್ ಅಂಡ್ ಗೋ'ಗೆ ನಾನು ಸೋತೆ. ಗಾಡಿಗೆ ಹಾಕುವಾಗಲೇ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಅಲ್ಲೇ ದುಡ್ಡು ಕಟ್ಟಿ ಹೊರಟುಬಿಡುವುದು. ಏರ್‌ಪೋರ್ಟ್ ಪಕ್ಕದ ಗ್ರೇಪ್‌ವೈನ್‌ನಲ್ಲಿ 2024ರಲ್ಲಿ ಹೊಸದಾಗಿ ಕಟ್ಟಿ ತೆರೆದ ಸ್ಯಾಮ್ಸ್‌ನಲ್ಲಂತೂ ಬಿಲ್ ಕೌಂಟರುಗಳ ಸಾಲೇ ಇಲ್ಲ. ಮೊತ್ತ ಫೋನಿನಲ್ಲಿ ಏರುತ್ತಾ ಕಾಣುವುದರಿಂದ ಕೈ ತಾನೇ ಹಿಂದೆ ಸರಿಯುತ್ತೆ. ಕ್ರೆಡಿಟ್ ಕಾರ್ಡೂ ಅಲ್ಲಿ ಯಾವುದಾದರೂ ನಡೆಯುತ್ತೆ. ಕಾಸ್ಟ್‌ಕೋದಲ್ಲಿ ವೀಸಾ ಮಾತ್ರ. ಕಾಸ್ಟ್‌ಕೋ ಗೆಲ್ಲುವುದು ಸರಕಿನ ಗುಣದಲ್ಲಿ ಮತ್ತು ವಾಪಸ್ ತೆಗೆದುಕೊಳ್ಳುವುದರಲ್ಲಿ. ಟಿವಿ, ಲ್ಯಾಪ್‌ಟಾಪ್‌ನಂಥ ಎಲೆಕ್ಟ್ರಾನಿಕ್ ಸಾಮಾನಿಗೆ 90 ದಿನ, ಬಹುಪಾಲು ಬೇರೆ ಸಾಮಾನಿಗೆ ಗಡುವೇ ಇಲ್ಲ.

ಪೆಟ್ರೋಲ್ ಎರಡೂ ಕಡೆ ಅಗ್ಗ. ತಿಂಗಳಿಗೆ 40 ಗ್ಯಾಲನ್ ಹಾಕಿಸುವವರಿಗೆ ಗ್ಯಾಲನ್‌ಗೆ 20 ಸೆಂಟ್ ಉಳಿದರೂ ವರ್ಷಕ್ಕೆ 96 ಡಾಲರ್, ಅಲ್ಲಿಗೆ ಸಾದಾ ಕಾರ್ಡಿನ ಶುಲ್ಕ ದಾಟಿತು. ಆದರೆ ಬಂಕ್ ದಾರಿಯಲ್ಲೇ ಇರಬೇಕು. ಜುಲೈ ಬಿಸಿಲಲ್ಲಿ ಎಸಿ ಹಾಕಿಕೊಂಡು ಕ್ಯೂನಲ್ಲಿ ನಿಂತು ನಾಲ್ಕು ಡಾಲರ್ ಉಳಿಸುವ ಉತ್ಸಾಹ ನನಗಿಲ್ಲ.

ಎಕ್ಸಿಕ್ಯುಟಿವ್ ಕಾರ್ಡ್ ಮಾರುವುದಕ್ಕೆ ಅಂಗಡಿಯವರು ಬೆನ್ನು ಬೀಳುತ್ತಾರೆ. ಖರೀದಿಗೆ ಶೇ 2 ವಾಪಸ್ ಅಂತ. ಹೆಚ್ಚುವರಿ 65 ಡಾಲರ್ ಹುಟ್ಟಬೇಕಾದರೆ ವರ್ಷಕ್ಕೆ 3,250 ಡಾಲರ್ ಸಾಮಾನು ಕೊಳ್ಳಬೇಕು, ತಿಂಗಳಿಗೆ 270 ದಾಟಬೇಕು. ಪೆಟ್ರೋಲ್ ಇದರಲ್ಲಿ ಲೆಕ್ಕಕ್ಕಿಲ್ಲ. ಅಕ್ಕಿ ಬೇಳೆಯನ್ನು ಬೇರೆ ಕಡೆ ತರುವ ನಮ್ಮಂಥ ಮನೆ ಅಷ್ಟು ಮುಟ್ಟುವುದೇ ಇಲ್ಲ. ಟೈರ್, ವಾಷಿಂಗ್ ಮಷೀನ್ ಅಂಥದ್ದು ಬರುವ ವರ್ಷ ಮಾತ್ರ ಯೋಚಿಸಬಹುದು.

ವರ್ಷದ ಕೊನೆಗೆ ಕಾಸ್ಟ್‌ಕೋ ಸಾದಾ ಕಾರ್ಡ್ ಉಳಿಸಿಕೊಂಡು ಸ್ಯಾಮ್ಸ್ ಬಿಟ್ಟೆ, ತುಪ್ಪದ ದೆಸೆಯಿಂದ. ಮಕ್ಕಳು ಇಬ್ಬರು ಮೂವರಿದ್ದು, ಗ್ಯಾರೇಜಿನಲ್ಲಿ ಇನ್ನೊಂದು ಫ್ರಿಜ್ ಇದ್ದಿದ್ದರೆ ಪಾಲಕ್ ಡಬ್ಬದ ಮಾತೂ ಬೇರೆ ಇರುತ್ತಿತ್ತು. ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇರುವ ಹುಡುಗ ಹುಡುಗಿಯರಿಗೆ ನಾನು ಎರಡೂ ಬೇಡ ಅನ್ನುತ್ತೇನೆ. ಕಾಸ್ಟ್‌ಕೋ ಫಾರ್ಮಸಿಯಲ್ಲಿ ಡಾಕ್ಟರ್ ಚೀಟಿಯ ಔಷಧಿ ಕೊಳ್ಳಲು ಸದಸ್ಯತ್ವ ಬೇಕಿಲ್ಲ. ಸದಸ್ಯರ ಜೊತೆ ಇಬ್ಬರು ಒಳಗೆ ಹೋಗಬಹುದು, ಬಿಲ್ ಮಾತ್ರ ಸದಸ್ಯರೇ ಕಟ್ಟಬೇಕು. ಅದೂ ಬೇಡವಾದರೆ ಸದಸ್ಯರ ಕೈಲಿ ಕಾಸ್ಟ್‌ಕೋ ಶಾಪ್ ಕಾರ್ಡ್ (ದುಡ್ಡು ತುಂಬಿದ ಗಿಫ್ಟ್ ಕಾರ್ಡ್) ತರಿಸಿಕೊಂಡು, ಅದನ್ನೇ ಬಾಗಿಲಲ್ಲಿ ತೋರಿಸಿ ತಾವೇ ಹೋಗಿ ಬರಬಹುದು.